ಚಿಕ್ಕಪ್ಪನ ರೇಸ್ ಫೋಟೊಗಳನ್ನು ಉಳಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು

ನಮ್ಮ ಚಿಕ್ಕಪ್ಪನಿಗೆ ಮೋಟಾರ್ ರೇಸ್ ಅಂದ್ರೆ ಪ್ರಾಣ. ಕೆಲಸಕ್ಕೆಂದು ಯುರೋಪಿನಲ್ಲಿದ್ದಾಗ, ಅರವತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದವರೆಗೆ, ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಟ್ರ್ಯಾಕ್ ಕಡೆ ಹೊರಡುತ್ತಿದ್ದರು. ಈಗ ಕಣ್ಣು ಮಂಜಾಗಿದೆ, ಡಬ್ಬಗಳನ್ನೆಲ್ಲ ನನಗೆ ಕೊಟ್ಟಿದ್ದಾರೆ. ಕಪ್ಪು-ಬಿಳುಪು ನೆಗೆಟಿವ್, ಕಲರ್ ಸ್ಲೈಡ್, ಒಂದಷ್ಟು ಪ್ರಿಂಟ್. ಬಹುತೇಕ ಯಾವುದರ ಮೇಲೂ ಏನೂ ಬರೆದಿಲ್ಲ. ಒಂದು ಡಬ್ಬ ತೆರೆದರೆ ಮೂಗಿಗೆ ಹುಳಿ ವಾಸನೆ ಹೊಡೆಯುತ್ತೆ. ಎಲ್ಲಿಂದ ಶುರು ಮಾಡಲಿ? ಯಾವ ಫೋಟೊ ಯಾವ ರೇಸ್‌ದು ಅಂತ ಪತ್ತೆ ಮಾಡೋದು ಹೇಗೆ? ಆನ್‌ಲೈನ್‌ನಲ್ಲಿ ಹಾಕಬಹುದಾ? ನಾನು ರೇಸ್ ನೋಡ್ತೀನಿ, ಆದರೆ ಇತ್ತೀಚಿನದು ಮಾತ್ರ.

ಫಿಲ್ಮ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು

ಮೊದಲು ಆ ಹುಳಿ ವಾಸನೆಯ ಡಬ್ಬವನ್ನು ಬೇರೆ ಕೋಣೆಯಲ್ಲಿಡಿ. ಉಳಿದದ್ದೆಲ್ಲ ಆಮೇಲೆ.

ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್ ಹಳತಾದಂತೆ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರ್ ಸಿಂಡ್ರೋಮ್ ಅನ್ನುವುದು ಇದಕ್ಕೇ. ಹೊರಬಂದ ಆಮ್ಲ ಅದೇ ಫಿಲ್ಮನ್ನು ಇನ್ನೂ ಬೇಗ ತಿನ್ನುತ್ತದೆ, ಮುಚ್ಚಿದ ಡಬ್ಬದಲ್ಲಿ ಪಕ್ಕದ ಒಳ್ಳೆ ಫಿಲ್ಮಿಗೂ ಹತ್ತಿಕೊಳ್ಳುತ್ತದೆ. ಇದನ್ನು ವಾಸಿ ಮಾಡಲು ಬರುವುದಿಲ್ಲ, ತಂಪಿನಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೆ. ಬೇಸ್ (ಕೆಳಗಿನ ಪ್ಲಾಸ್ಟಿಕ್ ಪದರ) ಕುಗ್ಗಿ ಮೇಲಿನ ಎಮಲ್ಷನ್ (ಚಿತ್ರ ಇರುವ ಪದರ) ಸುಕ್ಕುಗಟ್ಟಿತೆಂದರೆ ಯಾವ ಸ್ಕ್ಯಾನರ್‌ನಲ್ಲೂ ಚಪ್ಪಟೆ ಕೂರುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡುವಾಗ ಆ ಡಬ್ಬದ್ದೇ ಮೊದಲ ಸರದಿ, ಅದರಲ್ಲಿರುವ ಚಿತ್ರ ಎಷ್ಟೇ ಸಾಧಾರಣವಾಗಿರಲಿ. ಎ-ಡಿ ಸ್ಟ್ರಿಪ್ ಅಂತ ಚಿಕ್ಕ ಕಾಗದದ ಪಟ್ಟಿಗಳು ಸಿಗುತ್ತವೆ. ಡಬ್ಬದೊಳಗೆ ಇಟ್ಟರೆ ನೀಲಿಯಿಂದ ಹಸಿರಿಗೆ, ಹಸಿರಿಂದ ಹಳದಿಗೆ ತಿರುಗುತ್ತವೆ. ಹಳದಿಯಾದಷ್ಟೂ ಹೆಚ್ಚು ಕೆಟ್ಟಿದೆ ಅಂತ.

ಸ್ಲೈಡ್‌ಗಳಲ್ಲಿ ಕೊಡಾಕ್ರೋಮ್ ಎಂಬ ಫಿಲ್ಮಿನದು ಯಾವುದು, ಬೇರೆ ಯಾವುದು ಅಂತ ಮೌಂಟ್ (ಸ್ಲೈಡ್ ಸುತ್ತಲಿನ ಚೌಕಟ್ಟು) ಮೇಲೆ ನೋಡಿ ಬೇರೆ ಮಾಡಿ. ಕತ್ತಲಲ್ಲಿಟ್ಟ ಕೊಡಾಕ್ರೋಮ್ ಬಣ್ಣ ದಶಕಗಟ್ಟಲೆ ಹಾಗೇ ಇರುತ್ತದೆ, ಆದರೆ ಪ್ರೊಜೆಕ್ಟರ್ ಬೆಳಕು ಅದಕ್ಕೆ ಆಗಿಬರುವುದಿಲ್ಲ. ಮನೆಮಂದಿಗೆಲ್ಲ ಗೋಡೆ ಮೇಲೆ ತೋರಿಸುವ ಆಸೆಯಾದರೆ ಸ್ಕ್ಯಾನ್ ಮಾಡಿದ್ದನ್ನೇ ತೋರಿಸಿ. ಆ ಕಾಲದ ಎಕ್ಟಾಕ್ರೋಮ್ ಮುಂತಾದವು ಕತ್ತಲಲ್ಲಿದ್ದರೂ ಮಾಸುತ್ತವೆ. ನೀಲಿ-ಹಸಿರು ಬಣ್ಣ ಮೊದಲು ಹೋಗಿ ಇಡೀ ಚಿತ್ರ ಕೆಂಪಡರುತ್ತದೆ. ಅವು ಎರಡನೇ ಸರದಿ. ಕಪ್ಪು-ಬಿಳುಪು ನೆಗೆಟಿವ್‌ಗೆ ವಾಸನೆ ಇಲ್ಲದಿದ್ದರೆ ಆರಾಮಾಗಿ ಮಾಡಿ.

ಪಿವಿಸಿ ಕವರ್‌ನಲ್ಲಿದ್ದರೆ ತೆಗೆದು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್‌ಗೆ ಹಾಕಿ. ಅಂಟು ಹಾಳೆಯ ಆಲ್ಬಂನಲ್ಲಿರುವ ಪ್ರಿಂಟ್ ಕಿತ್ತುಬರದಿದ್ದರೆ ಎಳೆಯಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಗಾಳಿಯ ತೇವ ಶೇ 30ರಿಂದ 50ರೊಳಗೆ ಇರಲಿ. 65 ದಾಟಿದರೆ ಫಂಗಸ್ ಬಂತೆಂದೇ ಲೆಕ್ಕ. ಫಂಗಸ್ ಕಂಡರೆ ನೀರು ಮುಟ್ಟಿಸಬೇಡಿ, ಎಮಲ್ಷನ್ ಕರಗಿ ಎದ್ದುಬರುತ್ತದೆ.

ಇನ್ನೊಬ್ಬರು

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಫಿಲ್ಮಿಗಿಂತ ಬೇಗ ಕಳೆದುಹೋಗೋದು ನಿಮ್ಮ ಚಿಕ್ಕಪ್ಪನ ನೆನಪು. ಹುಳಿ ಡಬ್ಬ ಪಕ್ಕಕ್ಕಿಟ್ಟ ತಕ್ಷಣ ಅವರ ಹತ್ತಿರ ಹೋಗಿ ಕೂರಿ, ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ. ಕಣ್ಣು ಕಾಣದಿದ್ದರೂ ಚಿಂತೆಯಿಲ್ಲ, ಚಿತ್ರದಲ್ಲಿ ಏನಿದೆ ಅಂತ ನೀವೇ ಬಾಯಲ್ಲಿ ಹೇಳಿ. "ಹಿಂದೆ ಮರ ಇದೆ, ಇಳಿಜಾರು, ಎಡಕ್ಕೆ ತಿರುವು, ಮಳೆ ಬಂದಿದೆ" ಅಂದರೆ ಸಾಕು, ರೇಸ್ ಹುಚ್ಚಿನವರು ಅಲ್ಲಿಂದ ಎತ್ತಿಕೊಳ್ತಾರೆ. ಮಧ್ಯೆ ತಿದ್ದೋಕೆ ಹೋಗಬೇಡಿ. ಇಸವಿ ತಪ್ಪು ಹೇಳಬಹುದು, ಯಾರ ಜೊತೆ ಹೋಗಿದ್ದೆ, ಎಲ್ಲಿ ನಿಂತಿದ್ದೆ ಅನ್ನೋದು ತಪ್ಪೋದು ಕಮ್ಮಿ. ಇಸವಿಯನ್ನು ಪುಸ್ತಕ ನೋಡಿ ಸರಿ ಮಾಡಬಹುದು.

ಹಳೆ ಪಾಸು, ಟಿಕೆಟ್, ರೇಸ್ ಪ್ರೋಗ್ರಾಮ್ ಪುಸ್ತಕ, ಪ್ರಯಾಣದ ಚೀಟಿ ಏನೇ ಸಿಕ್ಕರೂ ಎಸೆಯಬೇಡಿ.

ಹಳೆ ರೇಸ್ ಫೋಟೊಗಳ ದಿನಾಂಕ ಪತ್ತೆ ಮಾಡುವ ಚಟ ಇರುವವರು

ಪತ್ತೆ ಕೆಲಸದ ಬಗ್ಗೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಎಲ್ಲಕ್ಕಿಂತ ಮೊದಲು: ನೆಗೆಟಿವ್ ಪಟ್ಟಿಗಳನ್ನು ಕತ್ತರಿಸಬೇಡಿ, ಅನುಕ್ರಮ ಕೆಡಿಸಬೇಡಿ. ಅಂಚಿನಲ್ಲಿ ಫ್ರೇಮ್ ನಂಬರ್ ಇರುತ್ತೆ. 14ನೇ ಫ್ರೇಮಿನ ಕಾರು ಗುರುತು ಸಿಗದೆ 17ರಲ್ಲಿ ಜಾಹೀರಾತು ಫಲಕ ಕಂಡರೆ ಎರಡಕ್ಕೂ ಉತ್ತರ ಸಿಕ್ಕಂತೆ. ಫಿಲ್ಮ್ ತಿರುವುಮುರುವಾಗಿ ಸ್ಕ್ಯಾನ್ ಆಗಿದೆಯಾ ಅಂತಲೂ ನೋಡಿ. ಅಂಚಿನ ಅಕ್ಷರ ನೆಟ್ಟಗೆ ಓದಲು ಬರಬೇಕು. ಕನ್ನಡಿ ಬಿಂಬದಂತೆ ಬಿದ್ದ ಚಿತ್ರ ಇಟ್ಟುಕೊಂಡು ಎಂಥಾ ಟ್ರ್ಯಾಕ್ ಹುಡುಕಿದರೂ ಸಿಗಲ್ಲ.

ಆಮೇಲೆ ಕಾರು. ಫಾರ್ಮುಲಾ ಒನ್ ಅಂದುಕೊಂಡು ಹೇಳ್ತೀನಿ. ನಿಯಮ ಬದಲಾದಾಗಲೆಲ್ಲ ಕಾರಿನ ಮೈಕಟ್ಟು ಬದಲಾಗಿದೆ, ಅದೇ ನಮಗೆ ಕ್ಯಾಲೆಂಡರ್. ಸಿಗರೇಟು ಕಂಪನಿಯ ಬಣ್ಣ ಲೋಟಸ್ ತಂಡದ ಕಾರಿನ ಮೇಲೆ ಬಂದದ್ದು 1968ರಲ್ಲಿ. ಅದಕ್ಕೂ ಮುಂಚೆ ಹೆಚ್ಚಾಗಿ ದೇಶದ ಬಣ್ಣ: ಇಟಲಿ ಕೆಂಪು, ಬ್ರಿಟನ್ ಹಸಿರು, ಫ್ರಾನ್ಸ್ ನೀಲಿ. (ಕಪ್ಪು-ಬಿಳುಪಿನಲ್ಲಿ ಆ ಕೆಂಪೂ ಆ ಹಸಿರೂ ಒಂದೇ ಬೂದು ಆಗಿಬಿಡುತ್ತೆ, ಬಣ್ಣ ನಂಬಿ ಕೂರಬೇಡಿ.) ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ ಕಂಡದ್ದು 1968ರ ಬೆಲ್ಜಿಯನ್ ಗ್ರ್ಯಾನ್ ಪ್ರಿಯಲ್ಲಿ. ಕೆಲವೇ ವಾರಗಳಲ್ಲಿ ಆ ರೆಕ್ಕೆ ಎತ್ತರದ ಸಣಕಲು ಕಂಬಗಳ ಮೇಲೇರಿತು. 1969ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಮಾಂಜುಯಿಕ್ ಟ್ರ್ಯಾಕ್‌ನಲ್ಲಿ ಗ್ರಹಾಂ ಹಿಲ್, ಯೋಹೆನ್ ರಿಂಟ್ ಇಬ್ಬರ ಲೋಟಸ್‌ಗಳ ರೆಕ್ಕೆಯೂ ಮುರಿದು ಅಪಘಾತವಾಯಿತು. ಮುಂದಿನ ರೇಸ್ ಮೊನಾಕೊದಲ್ಲಿ, ವಾರಾಂತ್ಯದ ನಡುವೆಯೇ ಆ ಎತ್ತರದ ರೆಕ್ಕೆಗೆ ನಿಷೇಧ ಬಿತ್ತು. ಅಂದರೆ ಕಂಬದ ಮೇಲೆ ರೆಕ್ಕೆ ಇರುವ ಚಿತ್ರ ಒಂದು ವರ್ಷಕ್ಕೂ ಕಮ್ಮಿ ಅವಧಿಯದ್ದು. ಇಷ್ಟು ಚಂದದ ಸುಳಿವು ಬೇರೆ ಇಲ್ಲ.

ನುಣುಪಾದ ಸ್ಲಿಕ್ ಟೈರ್ ಕಂಡರೆ 1971ರ ನಂತರ. ಡ್ರೈವರ್ ತಲೆಯ ಹಿಂದೆ ಗೋಪುರದಂಥ ಏರ್‌ಬಾಕ್ಸ್ (ಎಂಜಿನ್‌ಗೆ ಗಾಳಿ ಒಯ್ಯುವ ಪೆಟ್ಟಿಗೆ) ಇದ್ದರೆ 1976ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಗಿಂತ ಹಿಂದಿನದು. ಟಿರೆಲ್ ತಂಡದ ಆರು ಚಕ್ರದ ಕಾರು ಓಡಿದ್ದು 1976 ಮತ್ತು 77ರಲ್ಲಿ ಮಾತ್ರ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಫಾರ್ಮುಲಾ ಒನ್‌ಗೆ ಬಂದದ್ದು 1968ರಲ್ಲಿ, ತಂದವರು ಡ್ಯಾನ್ ಗರ್ನಿ.

ಕಾರಿನ ನಂಬರ್ ವಿಷಯದಲ್ಲಿ ಹೊಸಬರು ಎಡವೋದು ಜಾಸ್ತಿ. ಈಗ ಡ್ರೈವರ್‌ಗೆ ತನ್ನದೇ ನಂಬರ್ ಇದೆ, ಅದು 2014ರಿಂದ. 1974ರಿಂದ ತಂಡಗಳಿಗೆ ನಂಬರ್ ಖಾಯಂ ಆಗಿತ್ತು. ಅದಕ್ಕೂ ಹಿಂದೆ ಪ್ರತಿ ರೇಸ್‌ಗೂ ಸಂಘಟಕರು ಬೇರೆ ಬೇರೆ ನಂಬರ್ ಕೊಡ್ತಿದ್ದರು. ತಲೆನೋವು ಅನಿಸಬಹುದು, ಆದರೆ ಪತ್ತೆಗೆ ಇದೇ ವರ. ಕಾರು, ನಂಬರ್, ಡ್ರೈವರ್ ಹೆಲ್ಮೆಟ್ ಮೂರೂ ಸಿಕ್ಕಿ ಆ ವರ್ಷದ ಎಂಟ್ರಿ ಲಿಸ್ಟ್‌ಗಳ (ಪ್ರತಿ ರೇಸ್‌ನಲ್ಲಿ ಯಾರಿಗೆ ಯಾವ ನಂಬರ್ ಎಂಬ ಪಟ್ಟಿ) ಜೊತೆ ತಾಳೆ ಹಾಕಿದರೆ ಸಾಮಾನ್ಯವಾಗಿ ಒಂದೇ ರೇಸ್ ಉಳಿಯುತ್ತೆ. ನಂಬರ್ ಪಕ್ಕ "ಟಿ" ಅಕ್ಷರ ಇದ್ದರೆ ಅದು ತಂಡದ ಹೆಚ್ಚುವರಿ ಕಾರು, ಬಹುಪಾಲು ಅಭ್ಯಾಸದ ದಿನದ ಫೋಟೊ.

ಟ್ರ್ಯಾಕ್ ಕೂಡ ಮಾತಾಡುತ್ತೆ. ಫ್ರಾನ್ಸಿನ 24 ಗಂಟೆಯ ರೇಸ್ ಲೆ ಮಾನ್‌ನಲ್ಲಿ ಡ್ರೈವರ್‌ಗಳು ರಸ್ತೆ ದಾಟಿ ಓಡಿ ಕಾರು ಹತ್ತುವ ಚಿತ್ರ ಇದ್ದರೆ 1969 ಅಥವಾ ಹಿಂದಿನದು. ಆ ಕೊನೆಯ ಸಲ ಜಾಕಿ ಇಕ್ಸ್ ಓಡದೆ ಬೇಕೆಂದೇ ನಡೆದುಕೊಂಡು ಹೋಗಿ, ಬೆಲ್ಟ್ ಹಾಕಿಕೊಂಡು ಹೊರಟು, ಕೊನೆಗೆ ಗೆದ್ದದ್ದೂ ಅವರೇ. ಜರ್ಮನಿಯ ನೂರ್ಬುರ್ಗ್‌ರಿಂಗ್‌ನ ಕಾಡಿನೊಳಗಿನ ಉದ್ದ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ಕಾರು ಇದ್ದರೆ 1976ರ ಈಚಿನದಾಗಲು ಸಾಧ್ಯವಿಲ್ಲ, ಅದು ಡ್ರೈವರ್ ನಿಕಿ ಲೌಡಾ ಅಲ್ಲಿ ಅಪಘಾತದಲ್ಲಿ ಸುಟ್ಟುಕೊಂಡ ವರ್ಷ.

ಒಂದು ಮಾತು: ತಿಳಿಯದ್ದನ್ನು ತಿಳಿದಂತೆ ಬರೆಯಬೇಡಿ. ರೇಸ್ ಫೋಟೊಗಳಲ್ಲೇ ಅತಿ ಪ್ರಸಿದ್ಧವಾದದ್ದು ಫ್ರಾನ್ಸಿನ ಫೋಟೊಗ್ರಾಫರ್ ಲಾರ್ತೀಗ್ ಹುಡುಗನಾಗಿದ್ದಾಗ ತೆಗೆದದ್ದು. ಚಕ್ರ ಮುಂದಕ್ಕೆ ವಾಲಿ ಮೊಟ್ಟೆಯಾಕಾರ ಆಗಿದೆ, ನೋಡುತ್ತಾ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಕಾರಿನ ಜೊತೆ ಕ್ಯಾಮೆರಾ ತಿರುಗಿಸುತ್ತಿರುವಾಗ ಶಟರ್‌ನ ಸೀಳು ಕ್ಯಾಮೆರಾದೊಳಗಿನ ಫಲಕದ ಮೇಲೆ ನಿಧಾನವಾಗಿ ಜಾರಿದ್ದರಿಂದ ಹಾಗಾದದ್ದು. ಇಷ್ಟು ಪ್ರಸಿದ್ಧವಾದ ಚಿತ್ರಕ್ಕೂ ಕೆಲವು ಕಡೆ 1912 ಅಂತ ಇದೆ, ಕೆಲವು ಕಡೆ 1913 ಅಂತ ಇದೆ. ಹಾಗಾಗಿ ವಿವರದ ಜೊತೆ "ಖಚಿತ", "ಬಹುಶಃ", "ಊಹೆ" ಅಂತ ಒಂದು ಗುರುತು ಇರಲಿ, ಯಾಕೆ ಹಾಗೆ ಅಂದುಕೊಂಡಿರಿ ಅನ್ನೋದೂ ಇರಲಿ.

ಸ್ಕ್ಯಾನ್ ಮಾಡಿಸಿ ಮುಗಿಸಿದವರು

ಅಂಕಿ ಲೆಕ್ಕ ನನ್ನಿಂದ. 35 ಎಂಎಂ ಫ್ರೇಮನ್ನು ಇಂಚಿಗೆ 4000 ಪಿಕ್ಸೆಲ್‌ನಂತೆ ತೆಗೆದರೆ ಸುಮಾರು 21 ಮೆಗಾಪಿಕ್ಸೆಲ್. 16 ಬಿಟ್ ಕಲರ್ ಟಿಫ್ ಫೈಲ್ ಒಂದಕ್ಕೇ 128 ಎಂಬಿ ಆಗುತ್ತೆ, ಡಿಸ್ಕ್ ಕೊಳ್ಳುವ ಮುಂಚೆ ಗುಣಿಸಿ ನೋಡಿ. ಧೂಳು ತಾನೇ ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪು-ಬಿಳುಪಿಗೆ ಆನ್ ಮಾಡಬೇಡಿ. ಅದರಲ್ಲಿರುವ ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತೆ, ಸ್ಕ್ಯಾನರ್ ಚಿತ್ರವನ್ನೇ ಧೂಳು ಅಂದುಕೊಂಡು ಅಳಿಸುತ್ತೆ. ಕೊಡಾಕ್ರೋಮ್‌ಗೂ ಅದು ಸರಿಹೊಂದಲ್ಲ.

ಡಬ್ಬ ತುಂಬಾ ಇದ್ದರೆ ಸ್ಕ್ಯಾನರ್ ಬಿಟ್ಟು ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಸಮವಾದ ಲೈಟ್ ಪ್ಯಾನೆಲ್ ಇಟ್ಟುಕೊಂಡು ಮಾಡಿ. ವೇಗಕ್ಕೆ ಹೋಲಿಕೆಯೇ ಇಲ್ಲ. ಕ್ರಾಪ್ ಮಾಡದೆ, ಬಣ್ಣ ತಿದ್ದದೆ ಒಂದು ಮೂಲ ಪ್ರತಿ ಇಡಿ. ತಿದ್ದೋದೆಲ್ಲ ಅದರ ನಕಲಿನಲ್ಲಿ. ಒಟ್ಟು ಮೂರು ಪ್ರತಿ, ಒಂದು ಬೇರೆ ಊರಲ್ಲಿ. ವಿವರವನ್ನು ಬೇರೆ ಎಕ್ಸೆಲ್ ಹಾಳೆಯಲ್ಲಿ ಮಾತ್ರ ಇಡದೆ ಐಪಿಟಿಸಿ ಜಾಗದಲ್ಲಿ (ಫೈಲ್‌ನೊಳಗೆ ವಿವರ ಬರೆಯಲು ಇರುವ ಜಾಗ) ಫೋಟೊ ಫೈಲ್ ಒಳಗೇ ಬರೆಯಿರಿ. ಪ್ರಿಂಟ್ ಹಿಂದೆ ಬರೆಯೋದಾದರೆ ಮೆದು ಪೆನ್ಸಿಲ್, ಅಂಚಿನಲ್ಲಿ, ಹಗುರವಾಗಿ. ಬಾಲ್‌ಪೆನ್ ಒತ್ತಿದರೆ ಮುಂದುಗಡೆ ಗೆರೆ ಏಳುತ್ತೆ.

ಅಲುಗಾಡಿದ್ದು, ಗೆದ್ದವರಿಲ್ಲದ್ದು ಅಂತ ಯಾವುದನ್ನೂ ಬಿಡಬೇಡಿ. ಗೆದ್ದವರ ಫೋಟೊ ವೃತ್ತಿಪರರ ಹತ್ತಿರ ರಾಶಿ ಇದೆ. ಪ್ಯಾಡಕ್‌ನಲ್ಲಿ (ತಂಡಗಳು ಬೀಡುಬಿಡುವ ಜಾಗ) ನೆಲದ ಮೇಲೆ ಕೂತು ಗೇರ್‌ಬಾಕ್ಸ್ ಬಿಚ್ಚುವ ಮೆಕ್ಯಾನಿಕ್, ತಂಡದ ಲಾರಿ, ಕೊನೆಯಲ್ಲಿ ಓಡುವ ಖಾಸಗಿ ತಂಡದ ಕಾರು, ಬೇಲಿಯಾಚೆಯ ಜನ, ಇವು ಇರೋದು ನಿಮ್ಮ ಚಿಕ್ಕಪ್ಪನಂಥವರ ಡಬ್ಬದಲ್ಲೇ. ಹಳೆ ಕಾರು ಪುನರುಜ್ಜೀವನ ಮಾಡುವವರು ಇಂಥ ಚಿತ್ರದಲ್ಲಿ ಒಂದು ಪೈಪ್ ಎಲ್ಲಿ ಹೋಗ್ತಿತ್ತು ಅಂತ ನೋಡೋಕೆ ಹಾತೊರೀತಾರೆ.

ಹಕ್ಕುಗಳ ಬಗ್ಗೆ ತಿಳಿದವರು

ಚಿಕ್ಕಪ್ಪ ತಾವೇ ತೆಗೆದದ್ದರ ಹಕ್ಕು ಸಾಮಾನ್ಯವಾಗಿ ಅವರದೇ. ಅವರು ಇರುವಾಗಲೇ ಯಾರಿಗೆ ಏನು ಒಪ್ಪಿಗೆ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಆದರೆ ಪ್ರಿಂಟ್ ಹಿಂದೆ ಯಾರದಾದರೂ ಸ್ಟುಡಿಯೊ ಅಥವಾ ಏಜೆನ್ಸಿಯ ಮುದ್ರೆ ಇದ್ದರೆ ಅದು ಕೊಂಡ ಪ್ರಿಂಟ್. ಕಾಗದ ನಿಮ್ಮದು, ಹಕ್ಕು ನಿಮ್ಮದಲ್ಲ. ಅವನ್ನು ಬೇರೆ ಮಾಡಿಡಿ. ಮುದ್ರೆಯನ್ನೂ ಸ್ಕ್ಯಾನ್ ಮಾಡಿ.

ಅಪಘಾತದ ಚಿತ್ರ ಸಿಕ್ಕರೆ ನಾಶ ಮಾಡಬೇಡಿ, ಆದರೆ ಆನ್‌ಲೈನ್‌ಗೆ ಎಸೆಯಲೂಬೇಡಿ. 1973ರಲ್ಲಿ ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್ ಟ್ರ್ಯಾಕ್‌ನಲ್ಲಿ ಉರಿಯುವ ಕಾರಿನಡಿ ಸಿಕ್ಕಿದ್ದ ರೋಜರ್ ವಿಲಿಯಮ್‌ಸನ್‌ರನ್ನು ಉಳಿಸಲು ಜೊತೆಯ ಡ್ರೈವರ್ ಡೇವಿಡ್ ಪರ್ಲಿ ಒಬ್ಬರೇ ಹೆಣಗಿದ್ದು ಜಗತ್ತಿಗೆ ಗೊತ್ತಾದದ್ದು ಚಿತ್ರಗಳಿಂದ. ದಾಖಲೆಯಾಗಿ ಅದಕ್ಕೆ ಬೆಲೆ ಇದೆ. ಲೈಕ್‌ಗೋಸ್ಕರ ಹಂಚಿದರೆ ಇಲ್ಲ.

ಮುಂದೆ ಸಂಸ್ಥೆಗೆ ಕೊಡುವುದಾದರೆ ಇಂಗ್ಲೆಂಡಿನ ಬ್ಯೂಲಿಯಲ್ಲಿ ನ್ಯಾಷನಲ್ ಮೋಟಾರ್ ಮ್ಯೂಸಿಯಂ ಇದೆ, ಅಮೆರಿಕದ ಫ್ಲಾರಿಡಾದಲ್ಲಿ ರೆವ್ಸ್ ಇನ್‌ಸ್ಟಿಟ್ಯೂಟ್ ಇದೆ. ಎರಡೂ ಇಂಥ ಚಿತ್ರಗಳನ್ನು ಕಾಪಿಡುತ್ತವೆ. ಕೊಡುವ ಮುಂಚೆ ಕೇಳಿ: ಫಿಲ್ಮ್ ಮಾತ್ರ ತಗೊಳ್ತೀರಾ, ಹಕ್ಕೂ ಬೇಕಾ, ಒಟ್ಟಾಗಿ ಇಡ್ತೀರಾ? ಒಳ್ಳೆಯದನ್ನು ಆರಿಸಿ ಉಳಿದದ್ದು ವಾಪಸ್ ಅಂದರೆ ನಾನಾದರೆ ಒಪ್ಪಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹುಳಿ ಡಬ್ಬ ಬೇರೆ ಇಟ್ಟೆ. ಒಂದು ಸ್ಲೈಡ್ ಬಗ್ಗೆ ಕೇಳ್ತೀನಿ. ಕೆಂಪು-ಬಿಳಿ-ಚಿನ್ನದ ಬಣ್ಣದ ಲೋಟಸ್, ಹಿಂದೆ ಕಂಬದ ಮೇಲೆ ರೆಕ್ಕೆ. ಹೆಲ್ಮೆಟ್ ಕಡುನೀಲಿ, ಮೇಲೆ ಬಿಳಿ ಪಟ್ಟಿಗಳು. ಧಾರಾಕಾರ ಮಳೆ, ಹಿಂದೆಲ್ಲ ಮರ. ನಂಬರ್ ನೀರಿನ ತುಂತುರಲ್ಲಿ ಮುಚ್ಚಿಹೋಗಿದೆ. ಮೌಂಟ್ ಮೇಲೆ ಆಗಸ್ಟ್ 68 ಅಂತ ಮುದ್ರೆ. ಚಿಕ್ಕಪ್ಪ "ಜರ್ಮನಿ" ಅಂತಾರೆ.

ದಿನಾಂಕ ಪತ್ತೆ ಮಾಡುವ ಚಟ ಇರುವವರು

ಆಹಾ! ಕಡುನೀಲಿ ಮೇಲೆ ಬಿಳಿ ಪಟ್ಟಿ ಗ್ರಹಾಂ ಹಿಲ್‌ದು, ಅವರ ದೋಣಿ ಕ್ಲಬ್‌ನ ಹುಟ್ಟುಗೋಲುಗಳ ಗುರುತು. ಆಗಸ್ಟ್ 4ರ ಜರ್ಮನ್ ಗ್ರ್ಯಾನ್ ಪ್ರಿ ನೂರ್ಬುರ್ಗ್‌ರಿಂಗ್‌ನಲ್ಲಿ ಮಳೆ, ಮಂಜಿನ ನಡುವೆ ನಡೀತು. ಜಾಕಿ ಸ್ಟೀವರ್ಟ್ ನಾಲ್ಕು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು, ಹಿಲ್ ಎರಡನೇ ಸ್ಥಾನ. ಚಿಕ್ಕಪ್ಪನ ಮಾತಿಗೆ ಎಲ್ಲವೂ ಹೊಂದುತ್ತೆ. ಆದರೂ ಎರಡು ಅಡ್ಡಿ. ಮೌಂಟ್ ಮೇಲಿನ ಮುದ್ರೆ ಫಿಲ್ಮ್ ತೊಳೆದ ತಿಂಗಳು, ತೆಗೆದ ತಿಂಗಳಲ್ಲ. ಅದೇ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ ಚಾಂಪಿಯನ್‌ಶಿಪ್‌ಗೆ ಸೇರದ ಗೋಲ್ಡ್ ಕಪ್ ರೇಸ್ ಕೂಡ ಇತ್ತು, ಅಲ್ಲೂ ಮರಗಳಿವೆ. ಸದ್ಯಕ್ಕೆ "ಬಹುಶಃ" ಅಂತ ಹಾಕಿ, ಚಿಕ್ಕಪ್ಪ ಹೇಳಿದ್ದನ್ನೂ ಪಕ್ಕದಲ್ಲಿ ಬರೆಯಿರಿ. ಅದೇ ಡಬ್ಬದಲ್ಲಿ ಹಿಂದೆ-ಮುಂದೆ ಇರುವ ಸ್ಲೈಡ್‌ಗಳಲ್ಲಿ ನಂಬರ್ ಕಾಣುವಂಥ ಕಾರು ಯಾವುದಾದರೂ ಇದೆಯಾ? ಯಾರದ್ದಾದರೂ ಸರಿ.