ಹರಿವು ಹೆಚ್ಚಿಸಿದಷ್ಟೂ ಬ್ಯಾಕ್ಟೀರಿಯಾ ಗಟ್ಟಿಯಾಗಿ ಅಂಟುತ್ತಿವೆ: ಪಂಪ್ ದೋಷವೇ?

ಪ್ರಶ್ನೆ:
ಮ್ಯಾನೋಸ್ ಎಂಬ ಸಕ್ಕರೆ ಲೇಪಿಸಿದ ಗಾಜಿನ ಮೇಲೆ ಈ. ಕೋಲೈ ಬ್ಯಾಕ್ಟೀರಿಯಾ ಹರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೇನೆ. ದ್ರವ ಹರಿಯುವ ಫ್ಲೋ ಚೇಂಬರ್ 5 ಮಿ.ಮೀ. ಅಗಲ, 0.25 ಮಿ.ಮೀ. ಎತ್ತರವಿದೆ. ನಿಮಿಷಕ್ಕೆ 0.05 ಮಿ.ಲೀ. ಬಿಟ್ಟಾಗ ಕೋಶಗಳು ಗಾಜಿನ ಮೇಲೆ ತುಸು ತಡೆದು, ಉರುಳಿ, ಮುಂದೆ ಸಾಗುತ್ತವೆ. 1 ಮಿ.ಲೀ.ಗೆ ಏರಿಸಿದರೆ ಕೊಚ್ಚಿಹೋಗುವ ಬದಲು ನಿಂತಲ್ಲೇ ನಿಲ್ಲುತ್ತವೆ. ಪಂಪ್ ಸರಿಯಾಗಿ ತಳ್ಳುತ್ತಿಲ್ಲವೇ?

ಉತ್ತರ:
ಪಂಪನ್ನು ದೂರುವ ಮೊದಲು ಲೆಕ್ಕ ಹಾಕಿ. ಗೋಡೆಯ ಮೇಲಿನ ಶಿಯರ್ ಒತ್ತಡ (ಹರಿವು ಮೇಲ್ಮೈಗುಂಟ ಎಳೆಯುವ ಬಲ, ಪ್ರತಿ ಚದರ ಅಳತೆಗೆ) ಎಂದರೆ ಸ್ನಿಗ್ಧತೆ (ದ್ರವದ ಮಂದತನ) ಮತ್ತು ಹರಿವಿನ ಗುಣಲಬ್ಧದ ಆರು ಪಟ್ಟನ್ನು, ಅಗಲ ಮತ್ತು ಎತ್ತರದ ವರ್ಗದ ಗುಣಲಬ್ಧದಿಂದ ಭಾಗಿಸಿದ್ದು. ನೀರಿನಂಥ ಬಫರ್ (ಕೋಶಗಳನ್ನು ತೇಲಿಸುವ ಲವಣ ದ್ರಾವಣ) ಆದರೆ ನಿಮ್ಮ ಒತ್ತಡ ಸುಮಾರು 0.016 ಪಾಸ್ಕಲ್‌ನಿಂದ 0.32ಕ್ಕೆ ಏರಿದೆ. ಎತ್ತರದ ಅಳತೆ ಮಾತ್ರ ನಿಖರವಾಗಿರಲಿ. ಅದು ಅರ್ಧವಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು ಅನುಮಾನ: ಹರಿವು ಹೆಚ್ಚಿದಾಗ ಹೊಸ ಕೋಶಗಳೂ ಹೆಚ್ಚು ಬಂದು ಸೇರುತ್ತವೆ. ಮೊದಲು ಅಂಟಲು ಬಿಡಿ, ಆಮೇಲೆ ಬ್ಯಾಕ್ಟೀರಿಯಾ ಇಲ್ಲದ ಬಫರ್ ಹರಿಸಿ ವೇಗ ಬದಲಿಸಿ. ಕೊಳವೆಯಲ್ಲಿ ಗಾಳಿಗುಳ್ಳೆ ಇರಕೂಡದು. ಒಂದು ಗುಳ್ಳೆ ಹಾದುಹೋದರೂ ಅದರ ಅಂಚು ಅಂಟಿದ್ದನ್ನೆಲ್ಲ ಬಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರು:
ಬರಿಯ ಬಫರ್‌ನಲ್ಲೂ ಅದೇ ಫಲಿತಾಂಶ. ವೇಗ ಇಳಿಸಿದರೆ ಅವೇ ಕೋಶಗಳು ಮತ್ತೆ ಉರುಳತೊಡಗುತ್ತವೆ.

ಉತ್ತರ:
ಹಾಗಾದರೆ ಪಂಪ್ ಸರಿಯಿದೆ. ನೀವು ನೋಡುತ್ತಿರುವುದು ಕ್ಯಾಚ್ ಬಾಂಡ್, ಎಳೆದಷ್ಟೂ ಬಿಗಿಯಾಗುವ ಕುಣಿಕೆಯಂಥ ಬಂಧ. ಇಂಥದ್ದು ಸಾಧ್ಯವೆಂದು 1988ರಲ್ಲೇ ಸಿದ್ಧಾಂತ ಹೇಳಿತ್ತು; ಈ. ಕೋಲೈಯಲ್ಲಿ ಹರಿವಿನಿಂದ ಹಿಡಿತ ಬಲಗೊಳ್ಳುವುದನ್ನು 2002ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಎಳೆಯಾದ ಫಿಂಬ್ರಿಯಾದ ತುದಿಯಲ್ಲಿರುವ ಫಿಮ್‌ಎಚ್ ಪ್ರೋಟೀನಿಗೆ ಎರಡು ಭಾಗಗಳಿವೆ. ಅವು ಒಂದಕ್ಕೊಂದು ಒತ್ತಿಕೊಂಡಿರುವಾಗ ಮ್ಯಾನೋಸ್ ಹಿಡಿಯುವ ಗುಳಿ ಸಡಿಲವಾಗಿರುತ್ತದೆ. ಹರಿವು ಎಳೆದು ಅವನ್ನು ಬೇರ್ಪಡಿಸಿದಾಗ ಗುಳಿ ಮುಚ್ಚಿಕೊಂಡು ಸಕ್ಕರೆಯನ್ನು ಬಿಗಿಹಿಡಿಯುತ್ತದೆ. ನಮ್ಮ ಬಿಳಿ ರಕ್ತಕಣಗಳ ಸೆಲೆಕ್ಟಿನ್ ಎಂಬ ಅಂಟುವ ಪ್ರೋಟೀನಿನ ಬಂಧಗಳಿಗೂ ಇಂಥ ಗುಣವಿದೆ, ರಚನೆ ಬೇರೆ ಅಷ್ಟೇ. ಮಿತಿಮೀರಿ ಎಳೆದರೆ ಯಾವ ಬಂಧವಾದರೂ ಹರಿಯುತ್ತದೆ.

ಕಾರಣ ಬಲವೇ ಎಂದು ಖಚಿತಪಡಿಸಿಕೊಳ್ಳಲು ಹರಿವನ್ನು 0.05ರಲ್ಲೇ ಇಟ್ಟು ಬಫರ್‌ಗೆ ಫೈಕಾಲ್ ಎಂಬ ಸಕ್ಕರೆಯ ಪಾಲಿಮರ್ ಸೇರಿಸಿ ಮಂದ ಮಾಡಿ. ವೇಗ ಬದಲಾಗದೆ ಒತ್ತಡವಷ್ಟೇ ಏರುತ್ತದೆ. ಆಗಲೂ ಕೋಶಗಳು ನಿಂತರೆ ಅದು ಬಲದ್ದೇ ಕೆಲಸ.

ಪ್ರಶ್ನೆ ಕೇಳಿದವರು:
ಫೈಕಾಲ್ ಹಾಕಿದೆ, ನಿಂತವು. ಆದರೆ 1 ಮಿ.ಲೀ. ಹರಿವಿನಲ್ಲಿ ಮೀಥೈಲ್ ಮ್ಯಾನೋಸೈಡ್ (ಮ್ಯಾನೋಸ್‌ನ ಜಾಗ ಹಿಡಿದು ಬಂಧ ತಡೆಯುವ ಪ್ರತಿಬಂಧಕ) ಬಿಟ್ಟರೂ ಹೆಚ್ಚಿನವು ಕದಲುತ್ತಿಲ್ಲ. ಹಾಗಾದರೆ ಇದು ಮ್ಯಾನೋಸ್ ಹಿಡಿತವೇ ಅಲ್ಲವೇ?

ಉತ್ತರ:
ಅಷ್ಟಕ್ಕೇ ಆ ತೀರ್ಮಾನಕ್ಕೆ ಬರಬೇಡಿ. ಬಿಗಿದ ಗುಳಿಯಿಂದ ಸಕ್ಕರೆ ಬಿಟ್ಟುಹೋಗುವುದೇ ಅಪರೂಪ, ಹಾಗಾಗಿ ದ್ರಾವಣದಲ್ಲಿರುವ ಪ್ರತಿಬಂಧಕಕ್ಕೆ ಒಳಹೊಗಲು ಎಡೆಯೇ ಸಿಗುವುದಿಲ್ಲ. ಪ್ರತಿಬಂಧಕ ಇರುವಂತೆಯೇ ಹರಿವನ್ನು 0.05ಕ್ಕೆ ಇಳಿಸಿ ನೋಡಿ. ಮ್ಯಾನೋಸ್ ಹಿಡಿತವೇ ಆಗಿದ್ದರೆ ಕಳಚಿಕೊಳ್ಳುತ್ತವೆ. ಆಗಲೂ ಅಂಟಿಕೊಂಡೇ ಇದ್ದವನ್ನು ಬೇರೆಯಾಗಿ ಎಣಿಸಿ, ಅವು ಬರಿಯ ಗಾಜಿಗೆ ಅಂಟಿರುವ ಸಾಧ್ಯತೆಯೇ ಹೆಚ್ಚು.