ಒಬ್ಬರಿಗೇ ‘ಥಂಡಿ’ಯೂ ‘ಉಷ್ಣ’ವೂ ಒಟ್ಟಿಗೆ ಆದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಪದ ಸಿಗದಿದ್ದರೆ ಜನರ ಬಾಯಲ್ಲಿರುವ ಒಂದು ಮಾತು ಸಿಕ್ಕರೂ ಸಾಕು.

ಧಾರವಾಡದ ನಮ್ಮ ಓಣಿಯವರು ಸೇರಿ ಜ್ವರ, ಕೆಮ್ಮಿನ ಬಗ್ಗೆ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪರಿಚಯದ ಡಾಕ್ಟರು ಕೊಟ್ಟ ಟಿಪ್ಪಣಿಯಲ್ಲಿ ‘ತೀವ್ರ ವೈರಾಣು ಶ್ವಾಸಕೋಶ ಸೋಂಕಿನಲ್ಲಿ ಜಠರ ಮತ್ತು ಕರುಳಿಗೆ ಸಂಬಂಧಿಸಿದ ಮುನ್ನೆಚ್ಚರಿಕೆ ಲಕ್ಷಣಗಳು’ ಅಂತ ಒಂದು ಸಾಲಿದೆ. ಇದನ್ನು ಹೀಗೇ ಅಚ್ಚು ಹಾಕಿಸಿದರೆ ಕಾಯಿಪಲ್ಯ ಕಟ್ಟಿಕೊಡೋಕೆ ಬಂದೀತು ಅಷ್ಟೇ. ಅದಿರಲಿ, ‘ಮುನ್ನೆಚ್ಚರಿಕೆ’ ನಾವು ತಗೊಳ್ಳೋದಲ್ವಾ? ಮೈ ಕೊಡೋದು ಎಚ್ಚರಿಕೆ. ಆ ಪದವನ್ನು ಮೊದಲೇ ಹೊಡೆದುಹಾಕಿದೆ.

ತೊಡಕಿರೋದು ಬೇರೆ ಕಡೆ. ನಮ್ಮ ಮನೆಮಾತಿನಲ್ಲಿ ಎದೆಗೂ ಹೊಟ್ಟೆಗೂ ಬೇರೆ ಬೇರೆ ಖಾನೆ. ಮೂಗು ಸೋರಿ ಕೆಮ್ಮು ಬಂದರೆ ‘ಥಂಡಿ ಆಗೈತಿ’. ಹೊಟ್ಟೆ ತೊಳಸಿದರೆ ‘ಪಿತ್ತ ಆಗೈತಿ’. ಸಂಡಾಸ ಹತ್ತಿದರೆ ‘ಉಷ್ಣ ಆಗೈತಿ’, ಇಲ್ಲಾ ‘ನಿನ್ನೆ ಮಿರ್ಚಿ ತಿಂದಿದ್ದ, ಅದು ಆಗಿಬರಲಿಲ್ಲ’. ಕೂಸು ಕುಡಿದ ಹಾಲು ಕಾರಿಕೊಂಡರೆ ದೃಷ್ಟಿ. ಥಂಡಿಗೆ ಕಷಾಯ, ಉಷ್ಣಕ್ಕೆ ಮಜ್ಜಿಗೆ, ದೃಷ್ಟಿಗೆ ಉಪ್ಪು-ಮೆಣಸಿನಕಾಯಿ ನಿವಾಳಿಸೋದು. ಥಂಡಿ, ಉಷ್ಣ ಒಂದಕ್ಕೊಂದು ಎದುರು ಮಾತುಗಳು, ಹಾಗಾಗಿ ಇವೆರಡೂ ಒಬ್ಬ ಮನುಷ್ಯನಿಗೆ ಒಂದೇ ದಿನ ಒಂದೇ ಕಾರಣಕ್ಕೆ ಆಗಬಹುದು ಅನ್ನೋದಕ್ಕೆ ನಮ್ಮ ಮಾತಿನಲ್ಲಿ ಜಾಗವೇ ಇಲ್ಲದಂತಾಗಿದೆ. ದವಾಖಾನೆಗೆ ಹೋದವರು ‘ಕೆಮ್ಮು ಐತ್ರಿ’ ಅಂತಾರೆ. ವಾಂತಿ ಏನಾದ್ರೂ ಆಗಿದೆಯಾ ಅಂತ ಕೇಳಿದರೆ ‘ಅದು ಬ್ಯಾರೆ ಬಿಡ್ರಿ, ಪಿತ್ತ’ ಅಂತಾರೆ. ಡಾಕ್ಟರಿಗೆ ಬೇಕಾಗಿದ್ದು ಅದೇ.

ವೈರಸ್ಸು ನಮ್ಮ ಖಾನೆ ನೋಡಿಕೊಂಡು ಬರೋದಿಲ್ಲವಲ್ಲ. ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವ ಎಸಿಇ2 ಅನ್ನುವ ಪ್ರೋಟೀನ್ ಶ್ವಾಸಕೋಶದಲ್ಲಷ್ಟೇ ಇಲ್ಲ, ಸಣ್ಣ ಕರುಳಿನ ಒಳಪದರದಲ್ಲೂ ಧಾರಾಳವಾಗಿದೆ. ಅದಕ್ಕೇ ಕೋವಿಡ್ ಬಂದ ಕೆಲವರಿಗೆ ಕೆಮ್ಮಿಗಿಂತ ಮೊದಲೇ ಹೊಟ್ಟೆ ಕೆಟ್ಟಿತು. 2009ರ ಎಚ್1ಎನ್1, ನಮ್ಮವರು ಹಂದಿಜ್ವರ ಅಂದದ್ದು, ಅದರಲ್ಲೂ ಮಾಮೂಲಿ ಫ್ಲೂಗಿಂತ ವಾಂತಿ, ಭೇದಿ ಜಾಸ್ತಿ ಕಂಡವು. 2003ರಲ್ಲಿ ಹರಡಿದ ಸಾರ್ಸ್, ಅದೂ ಒಂದು ಕೊರೊನಾ ವೈರಸ್ಸಿನ ರೋಗವೇ, ಅದರ ಕತೆ ಇನ್ನೂ ವಿಚಿತ್ರ. ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ಅನ್ನುವ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಅದು ಬಂತು. ಅಲ್ಲಿಗೆ ಬಂದಿದ್ದ ಒಬ್ಬ ರೋಗಿಗೆ ಭೇದಿಯಿತ್ತು. ಬಚ್ಚಲುಗಳ ಪೈಪಿನಲ್ಲಿ ನೀರು ನಿಲ್ಲಬೇಕಾದ ಬಾಗು ಒಣಗಿಹೋಗಿತ್ತು, ಆ ದಾರಿಯಲ್ಲಿ ಸಂಡಾಸದ ಪೈಪಿನ ಗಾಳಿ ಮನೆಮನೆಗೆ ಹೊಕ್ಕಿತು ಅಂತ ತನಿಖೆಯಲ್ಲಿ ಹೇಳಿದರು. ಉಸಿರಾಟದ ರೋಗ, ಹರಡಿದ್ದು ಸಂಡಾಸದ ಪೈಪಿನಲ್ಲಿ!

ಈಗ ‘ಹೊಟ್ಟೆ ಫ್ಲೂ’ ಅನ್ನುವ ಮಾತು ಹುಬ್ಬಳ್ಳಿಯಲ್ಲೂ ಕೇಳುತ್ತಿದೆ. ಅದು ಬೇಡ. ಅದು ಫ್ಲೂ ಅಲ್ಲವೇ ಅಲ್ಲ, ಮಾಡೋದು ನೋರೋ, ರೋಟಾ ಥರದ ಬೇರೆ ವೈರಸ್ಸುಗಳು. ‘ವಾಂತಿ-ಭೇದಿ’ ಅಂತ ಜೋಡಿಸಿ ಬರೆಯೋಣ ಅಂದರೆ ಪೇಪರ್ ಓದುವವರಿಗೆ ಕೂಡಲೇ ಕಲುಷಿತ ನೀರು, ಒಡೆದ ಪೈಪು, ಗ್ರಾಮ ಪಂಚಾಯ್ತಿ ಎಲ್ಲ ನೆನಪಾಗುತ್ತವೆ. ಎದೆಯ ಕಡೆ ಯಾರೂ ನೋಡೋದಿಲ್ಲ.

ಇನ್ನೊಂದು ಫರಕು ನನಗೆ ಮುಖ್ಯ ಅನಿಸಿದ್ದು. ಫ್ಲೂ ಬಂದ ಮಕ್ಕಳಿಗೆ ಒಂದೆರಡು ಸಲ ವಾಂತಿಯಾಗೋದು, ಹೊಟ್ಟೆ ಸಡಿಲಾಗೋದು ಮಾಮೂಲು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯಿಂದಲೂ ವಾಂತಿ ಬರುತ್ತದೆ. ಅದಕ್ಕೆಲ್ಲ ಗಾಬರಿಯಾಗಿ ಓಡಬೇಕಿಲ್ಲ. ಓಡಬೇಕಾದ್ದು ಯಾವಾಗ ಅಂದರೆ, ಕುಡಿಸಿದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದರೆ, ಮಗು ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಹೊಟ್ಟೆನೋವು ಬಿಡದೆ ಹಿಡಿದುಕೊಂಡಿದ್ದರೆ, ಜ್ವರ ಇಳಿದು ಮತ್ತೆ ಏರಿ ಕೆಮ್ಮು ಜೋರಾದರೆ. ಜೊತೆಗೆ ಉಸಿರು ಜೋರಾಗಿ ಪಕ್ಕೆ ಸೆಳೆಯುತ್ತಿದ್ದರೆ ಕೇಳೋದೇ ಬೇಡ, ಕೂಡಲೇ ಹೊರಡಬೇಕು. ಮಕ್ಕಳಲ್ಲಿ ಶ್ವಾಸಕೋಶದ ಕೆಳಭಾಗಕ್ಕೆ ನ್ಯುಮೋನಿಯಾ ಆದರೆ ನೋವು ಹೊಟ್ಟೆಯಲ್ಲಿ ಕಾಣುತ್ತದಂತೆ, ಅಪೆಂಡಿಕ್ಸ್ ಅಂದುಕೊಂಡು ಬರುವವರೂ ಇದ್ದಾರೆ ಅಂದರು ಡಾಕ್ಟರು. ವಯಸ್ಸಾದವರಿಗೆ ಜ್ವರವೇ ಕಾಣದೆ ‘ಊಟ ಸೇರವಲ್ದು’ ಅಂತ ಮಂಕಾಗಿ ಕೂರೋದೇ ಮೊದಲ ಗುರುತಾಗಿರಬಹುದು. ಮನೆಯಲ್ಲಿ ಅದನ್ನು ಹಠ ಅಂತ ತಿಳಿಯೋದು ಜಾಸ್ತಿ.

ಹಾಗಾಗಿ ‘ಹೊಟ್ಟೆಯ ತೊಂದರೆ’ ಅಂತ ಸುಮ್ನೆ ಬರೆದರೆ ಮಾಮೂಲಿದೂ ಅಪಾಯದ್ದೂ ಒಂದೇ ಆಗಿಬಿಡುತ್ತದೆ. ‘ಸತತ ವಾಂತಿ’ ಅಂತ ಬರೆದು ನೋಡಿದೆ, ನಮ್ಮ ಓಣಿಯಲ್ಲಿ ‘ಸತತ’ ಅನ್ನುವವರು ಆಕಾಶವಾಣಿಯವರೊಬ್ಬರೇ.

ಆಗ ಹೊಳೆದದ್ದು ನಮ್ಮ ಕಡೆಯ ‘-ವಲ್ದು’. ‘ಹೊಟ್ಟ್ಯಾಗ ನೀರೂ ನಿಂದ್ರವಲ್ದು’. ಇದನ್ನು ‘ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ’ ಅಂತ ಬರೆದರೆ ಅರ್ಥ ಬರುತ್ತದೆ, ಬಿಸಿ ಬರೋದಿಲ್ಲ. ‘ಒಲ್ಲದು’ ಅದರೊಳಗಿದೆ ನೋಡಿ. ‘ಮಳಿ ಬರವಲ್ದು’ ಅಂದಾಗ ಕಾದು ಕಾದು ಸಾಕಾಗಿದೆ ಅಂತ ತಿಳಿಯುತ್ತದೆ. ಹಾಗೇ ಇಲ್ಲಿ ಗುಟುಕು ಗುಟುಕಾಗಿ ಕುಡಿಸಿ ನೋಡಿದ್ದೂ ಆಗಿದೆ, ಓಆರ್‌ಎಸ್ ಕೊಟ್ಟಿದ್ದೂ ಆಗಿದೆ, ಮೈ ಒಲ್ಲೆ ಅನ್ನುತ್ತಿದೆ. ಡಾಕ್ಟರು ಕೇಳೋದೂ ಇದನ್ನೇ, ಎಷ್ಟು ಸಲ ಅಂತಲ್ಲ, ಏನಾದರೂ ಒಳಗೆ ಉಳಿಯುತ್ತಿದೆಯಾ ಅಂತ. ಗ್ರಂಥಸ್ಥ ಕನ್ನಡದಲ್ಲಿ ಇದಕ್ಕೆ ಒಂದೇ ಪದದ ಸಾಟಿ ನನಗೆ ಕಂಡಿಲ್ಲ.

ತಲೆಬರಹಕ್ಕೆ ‘ಲಕ್ಷಣ’ ಬಿಟ್ಟಿದ್ದೇನೆ. ಲಕ್ಷಣವಾದ ಹುಡುಗಿ, ಅವಲಕ್ಷಣ ಅಂತೆಲ್ಲ ಅದು ಬೇರೆ ದಾರಿಗೆ ಎಳೆಯುತ್ತದೆ. ‘ಮುನ್ಸೂಚನೆ’ ಹವಾಮಾನದವರದ್ದಾಗಿ ಹೋಗಿದೆ. ಸದ್ಯಕ್ಕೆ ‘ಅಪಾಯದ ಗುರುತು’ ಅಂತ ಇಟ್ಟು, ಕೆಳಗೆ ‘ಥಂಡಿ ಇದ್ದಾಗ ಹೊಟ್ಟೆಯೂ ಕೆಟ್ಟರೆ ಎರಡನ್ನೂ ಡಾಕ್ಟರಿಗೆ ಹೇಳಿ’ ಅಂತ ಹಾಕಿದ್ದೇನೆ.

ನಿಮ್ಮನ್ನು ಕೇಳೋದು ಇಷ್ಟು. ಕೆಮ್ಮು-ಜ್ವರದ ಜೊತೆ ಹೊಟ್ಟೆಯೂ ಕೆಡೋದಕ್ಕೆ ನಿಮ್ಮ ಊರಲ್ಲಿ ಒಂದೇ ಮಾತು ಇದೆಯಾ? ಹಿರಿಯರು ಯಾರಾದರೂ ಎರಡನ್ನೂ ಸೇರಿಸಿ ಹೇಳೋದನ್ನು ಕೇಳಿದ್ದೀರಾ? ‘-ವಲ್ದು’ ಗದಗ, ರೋಣದವರಿಗೆ ಹೊಸದಲ್ಲ ಅಂತ ಗೊತ್ತು. ಆದರೆ ಹಾವೇರಿಯ ಹಾನಗಲ್, ಹಿರೇಕೆರೂರು ಕಡೆಯವರಿಗೆ ಅಚ್ಚಿನಲ್ಲಿ ಅದು ಓದಿದ ಕೂಡಲೇ ತಿಳಿಯುತ್ತಾ, ಅಥವಾ ‘ನಿಲ್ಲೋದಿಲ್ಲ’ ಅಂತಲೇ ಹಾಕಲಾ? ಇನ್ನೊಂದು, ಉಸಿರು ಜೋರಾಗೋದಕ್ಕೆ ‘ದಮ್ಮು’ ಅಂದರೆ ಅಸ್ತಮಾ ಅಂದುಕೊಳ್ತಾರೆ, ‘ತೇಕು’ ಅಂದರೆ ಓಡಿಬಂದು ಸುಸ್ತಾದ ಹಾಗೆ ಕೇಳಿಸುತ್ತದೆ. ಮಲಗಿದ್ದಲ್ಲೇ ತೇಕುವುದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ. ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.