ನಿಂಬೆ ಗಿಡಕ್ಕೆ 4 ವರ್ಷ, ಇನ್ನೂ ಒಂದು ಹೂ ಬಿಟ್ಟಿಲ್ಲ: ಮನೆ ತೋಟದ ಪ್ರಶ್ನೋತ್ತರ

ಪ್ರಶ್ನೆ (ಬಸವೇಶ್ವರನಗರ):
ಮೇಡಂ, ನಮಸ್ತೆ. ನಮ್ಮದು 30-40ರ ಸೈಟು. ಮನೆ ಪಕ್ಕದ ಪ್ಯಾಸೇಜ್‌ನಲ್ಲಿ ನೆಲಕ್ಕೇ ಹಾಕಿದ ನಿಂಬೆ ಗಿಡ ಇದೆ. ಕಸಿ ಗಿಡ ಅಂತ ಹೇಳಿ ಕೊಟ್ಟಿದ್ದರು. 4 ವರ್ಷ ಆಯಿತು. ಆಳೆತ್ತರ ಬೆಳೆದಿದೆ, ಎಲೆ ಕಡು ಹಸಿರು, ಮುಳ್ಳು ಬೆರಳುದ್ದ. ಆದರೆ ಒಂದು ಹೂವಿಲ್ಲ. ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರ, 15 ದಿನಕ್ಕೊಮ್ಮೆ ಒಂದು ಹಿಡಿ ಯೂರಿಯಾ ಹಾಕುತ್ತೇನೆ. ದಿನಾ ಒಂದು ಬಕೆಟ್ ನೀರು. ನಮ್ಮತ್ತೆ ಕಡಿಸಿಬಿಡು ಅನ್ನುತ್ತಿದ್ದಾರೆ. ಇನ್ನೊಂದು, ತಾರಸಿಯ ಕುಂಡದಲ್ಲಿರುವ ಕರಿಬೇವಿನ ಚಿಗುರೆಲ್ಲ ಹಳದಿ. ಅದಕ್ಕೂ ಏನಾದರೂ ಗೊಬ್ಬರ ಹೇಳಿ.

ಉತ್ತರ (ತೋಟಗಾರಿಕೆ ತಜ್ಞೆ):
ನಮಸ್ತೆ ಅಮ್ಮ. ದಯವಿಟ್ಟು ಕಡಿಸಬೇಡಿ. ಅತ್ತೆಯವರಿಗೆ ಇನ್ನೊಂದು ವರ್ಷ ತಡೆಯಲು ಹೇಳಿ.

ಮೊದಲು ಯೂರಿಯಾ ನಿಲ್ಲಿಸಿ, ಇವತ್ತಿನಿಂದಲೇ. ಯೂರಿಯಾ ಕೊಡುವುದು ಸಾರಜನಕ ಮಾತ್ರ. ಅದು ಎಲೆ, ಕೊಂಬೆ ಬೆಳೆಸುತ್ತದೆ. ಬೇಕಾದಷ್ಟು ಸಾರಜನಕ, ಬೇಕಾದಷ್ಟು ನೀರು ಸಿಗುವ ಗಿಡ ಬೆಳೆಯುತ್ತಲೇ ಇರುತ್ತದೆ, ಹೂವಿನ ಕಡೆ ತಿರುಗುವುದೇ ಇಲ್ಲ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬರ ಮನೆಯ ನಿಂಬೆಗೆ ಹೀಗೇ ಗೊಬ್ಬರದ ಮೇಲೆ ಗೊಬ್ಬರ ಹಾಕಿಸಿದ್ದೆ. ಎರಡು ವರ್ಷ ಬರೀ ಎಲೆ. ಅವರ ಕಾಂಪೌಂಡಿನ ಆಚೆ ಯಾರೂ ನೋಡಿಕೊಳ್ಳದ ನಿಂಬೆ ಗಿಡ ಮೈತುಂಬ ಕಾಯಿ ಹೊತ್ತು ನಿಂತಿತ್ತು. ಆ ಮನೆಯವರ ಎರಡು ವರ್ಷ ನನ್ನಿಂದ ಹೋಯಿತು. ಆಮೇಲಿಂದ ಯಾರ ಗಿಡವಾದರೂ ಸರಿ, ಬಿಸಿಲು, ನೀರು, ಬೇರು ಈ ಮೂರನ್ನೂ ಕೇಳದೆ ಗೊಬ್ಬರದ ಹೆಸರು ಹೇಳುವುದಿಲ್ಲ.

ನಿಂಬೆಗೆ ಸ್ವಲ್ಪ ಬಾಯಾರಿಕೆ ಬೇಕು. ತೋಟದವರು ಇದನ್ನೇ ಬಹರ್ ಅನ್ನುತ್ತಾರೆ. ಕೆಲವು ವಾರ ನೀರು ಕೊಡದೆ ತಡೆದು, ಆಮೇಲೆ ಗೊಬ್ಬರ ಕೊಟ್ಟು ತುಂಬ ನೀರು ಹಾಯಿಸಿದರೆ ಗಿಡ ಒಟ್ಟಿಗೆ ಚಿಗುರಿ ಹೂ ಬಿಡುತ್ತದೆ. ಈಗ ಕಡಲೆಕಾಯಿ ಪರಿಷೆ ಮುಗಿಯಿತು ಅಲ್ವಾ? ಇನ್ನು ಸಂಕ್ರಾಂತಿವರೆಗೆ ದಿನದ ಬಕೆಟ್ ಬಿಡಿ. ಮಧ್ಯಾಹ್ನ ಎಲೆ ತುಸು ಮಡಚಿಕೊಂಡರೆ ಹೆದರಬೇಡಿ. ಬೆಳಗ್ಗೆಯೂ ಹಾಗೇ ಸೊರಗಿದ್ದರೆ ಮಾತ್ರ ಒಂದು ಚೊಂಬು ನೀರು ಕೊಡಿ. ಸಂಕ್ರಾಂತಿ ಕಳೆದ ಮೇಲೆ ಬುಡ ಕೆದಕಿ, ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಹಾಕಿ ತುಂಬ ನೀರು ಹಾಯಿಸಿ. ಕುಂಡದಲ್ಲಿ ನಿಂಬೆ ಇಟ್ಟವರು ಇದನ್ನು ವಾರಗಟ್ಟಲೆ ಮಾಡಬೇಡಿ, ಕುಂಡದ ಮಣ್ಣು ನಾಲ್ಕೇ ದಿನದಲ್ಲಿ ಒಣಗಿ ಹೋಗುತ್ತದೆ.

ಇನ್ನು ಬಿಸಿಲು. ನಿಂಬೆಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ನಿಮ್ಮ ಪ್ಯಾಸೇಜ್ ಮನೆಯ ಯಾವ ದಿಕ್ಕಿಗಿದೆ? ಬೆಂಗಳೂರಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಎಂಥ ಸಂದಿಗೂ ಬಿಸಿಲು ಇಳಿಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಮನೆಯ ಉತ್ತರದ ಪ್ಯಾಸೇಜ್‌ಗೆ ಬಿಸಿಲೇ ಇಲ್ಲ. ತುಂಬಾ ಜನ ಬೇಸಿಗೆಯಲ್ಲಿ ನೋಡಿ, ಒಳ್ಳೆ ಬಿಸಿಲಿದೆ ಅಂತ ಗಿಡ ಇಡುತ್ತಾರೆ. ಈ ತಿಂಗಳಲ್ಲಿ ಒಂದು ಭಾನುವಾರ ಗಂಟೆಗೊಮ್ಮೆ ಹೋಗಿ ನೋಡಿ ಬರೆದಿಡಿ.

ಕೊನೆಗೆ, ನೀವು ಹೇಳಿದ ಉದ್ದ ಮುಳ್ಳು. ಅದು ನನಗೆ ಅನುಮಾನ ತರುತ್ತಿದೆ. ಗಿಡದ ಬುಡದಿಂದ ಒಂದು ಗೇಣು ಮೇಲಿನವರೆಗೆ ಎಲೆ ಸರಿಸಿ ನೋಡಿ. ಕಸಿ ಕಟ್ಟಿದ ಗಂಟು ಕಾಣುತ್ತದೆ. ಗಂಟಿನ ಕೆಳಗಿನಿಂದ ಕೊಂಬೆ ಬಂದಿದ್ದರೆ ಅದು ನಿಮ್ಮ ನಿಂಬೆಯಲ್ಲ, ಬೇರಿಗಾಗಿ ಇಟ್ಟ ಬೇರೆ ಜಾತಿಯ ಗಿಡ. ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಕರಿಬೇವಿಗೆ ಯಾವ ನೀರು ಹಾಕುತ್ತೀರಿ? ಹಳದಿ ಎಲೆಯಲ್ಲಿ ನರ ಹಸಿರಾಗೇ ಉಳಿದಿದೆಯಾ?

ಬಸವೇಶ್ವರನಗರ:
ಹೌದು ಮೇಡಂ, ನರ ಮಾತ್ರ ಹಸಿರು. ತಾರಸಿ ಟ್ಯಾಂಕಿಗೆ ಬರೀ ಬೋರ್‌ವೆಲ್ ನೀರು. ಕುಂಡದ ಹೊರಗೆ ಬಿಳಿ ಪುಡಿ ಕಟ್ಟಿಕೊಂಡಿದೆ. ನಿಂಬೆಯ ಬುಡ ಸಂಜೆ ನೋಡಿ ಹೇಳುತ್ತೇನೆ.

ಉತ್ತರ:
ಆ ಬಿಳಿ ಪುಡಿಯೇ ಉತ್ತರ ಹೇಳುತ್ತಿದೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಕುಂಡದಲ್ಲಿ ಸೇರುತ್ತಾ ಹೋಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಹೊಸ ಎಲೆ ಹಳದಿ, ನರ ಹಸಿರು. ಹಳೆಯ ಎಲೆ ಮೊದಲು ಹಳದಿಯಾದರೆ ಅದು ಬೇರೆ ಕಥೆ, ಸಾರಜನಕದ ಕೊರತೆ. ಇಷ್ಟು ವ್ಯತ್ಯಾಸ ಗೊತ್ತಾದರೆ ಎಷ್ಟೋ ಗೊಬ್ಬರದ ದುಡ್ಡು ಉಳಿಯುತ್ತದೆ.

ನಮ್ಮ ಅಜ್ಜಿಯರು ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಸುರಿಯುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಹುಳಿ ತಾಗಿದರೆ ಮಣ್ಣಿನ ಕಬ್ಬಿಣ ಬೇರಿಗೆ ಸಿಗುತ್ತದೆ. ಒಂದು ಲೋಟ ಹುಳಿ ಮಜ್ಜಿಗೆಗೆ ನಾಲ್ಕೈದು ಲೋಟ ನೀರು, ತಿಂಗಳಿಗೊಮ್ಮೆ. ಉಪ್ಪು ಹಾಕಿದ ಮಜ್ಜಿಗೆ ಬೇಡ. ಬೇಗ ಹಸಿರಾಗಬೇಕು ಅಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಸಿಟ್ರಸ್ ಸ್ಪೆಷಲ್ ಸಿಗುತ್ತದೆ, ನಿಂಬೆ ಜಾತಿಗೆ ಬೇಕಾದ ಸೂಕ್ಷ್ಮ ಪೋಷಕಾಂಶ ಅದರಲ್ಲಿದೆ. ಕರಿಬೇವೂ ನಿಂಬೆಯ ಕುಟುಂಬವೇ. ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ.

ಆದರೆ ನಿಜವಾದ ಔಷಧಿ ಮಳೆ ನೀರು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಊರಲ್ಲಿ ಒಳ್ಳೆ ಮಳೆ ಬೀಳುತ್ತದೆ. ತಾರಸಿ ಪೈಪಿನ ಬಾಯಿಗೆ ಒಂದು ಬಟ್ಟೆ ಕಟ್ಟಿ, ಒಂದು ಡ್ರಮ್ ಇಡಿ, ಸೊಳ್ಳೆ ಬಾರದ ಹಾಗೆ ಮುಚ್ಚಿ. ವಾರಕ್ಕೊಮ್ಮೆ ಆ ನೀರನ್ನು ಕುಂಡದ ಕೆಳಗಿನ ತೂತಿಂದ ಹರಿದು ಹೋಗುವಷ್ಟು ಹಾಕಿದರೆ ಸೇರಿಕೊಂಡ ಉಪ್ಪು ತೊಳೆದು ಹೋಗುತ್ತದೆ. ಹೇಗೆ ಜೋಡಿಸುವುದು ಅಂತ ಕಣ್ಣಾರೆ ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯವರ ಮಳೆ ನೀರು ಕೊಯ್ಲಿನ ಪಾರ್ಕ್ ಇದೆ.

ಪ್ರಶ್ನೆ (ವೈಟ್‌ಫೀಲ್ಡ್, ಅಪಾರ್ಟ್‌ಮೆಂಟ್ ಬಾಲ್ಕನಿ):
ನೀರಿನ ಮಾತು ಬಂದಿದ್ದಕ್ಕೆ ಕೇಳುತ್ತಿದ್ದೇನೆ ಮೇಡಂ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಅವತ್ತಿಂದ ಆರ್‌ಒ ಫಿಲ್ಟರಿನ ವೇಸ್ಟ್ ನೀರು, ವಾಷಿಂಗ್ ಮೆಷಿನ್ ನೀರು ಎರಡೂ ಹಿಡಿದು ಪುದೀನ, ಕೊತ್ತಂಬರಿಗೆ ಹಾಕುತ್ತಿದ್ದೇವೆ. ಪುದೀನದ ಎಲೆ ಅಂಚು ಸುಟ್ಟ ಹಾಗಿದೆ.

ಉತ್ತರ:
ನೀರು ಉಳಿಸಬೇಕು ಅನ್ನುವ ನಿಮ್ಮ ಕಾಳಜಿ ದೊಡ್ಡದು ಸರ್. ಆದರೆ ಫಿಲ್ಟರ್ ಬಿಟ್ಟ ನೀರಿನಲ್ಲಿ ಉಪ್ಪು ಮೊದಲಿಗಿಂತ ಜಾಸ್ತಿ. ಅಂಚು ಸುಟ್ಟಿದ್ದು ಅದರಿಂದಲೇ. ಆ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ ಇರಲಿ. ಸೋಪಿನ ನೀರು ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡವೇ ಬೇಡ. ಬಾಲ್ಕನಿಯ ನಾಲ್ಕು ಕುಂಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳ ಸಾಕು.

ಪುದೀನ ಹೊಸದಾಗಿ ಹಾಕಿ. ಮಾರ್ಕೆಟ್ಟಿನ ಕಟ್ಟಿನಲ್ಲಿ ದಪ್ಪ ಕಡ್ಡಿ ನಾಲ್ಕು ಆರಿಸಿ, ಕೆಳಗಿನ ಎಲೆ ಬಿಡಿಸಿ, ಲೋಟದ ನೀರಿನಲ್ಲಿಡಿ. ವಾರ, ಹತ್ತು ದಿನಕ್ಕೆ ಬೇರು ಬರುತ್ತದೆ. ಆಳದ ಕುಂಡ ಬೇಡ, ಅಗಲದ ಟಬ್ ಬೇಕು. ಅದು ಹರಡುವ ಗಿಡ. ಬೆಳಗಿನ ಬಿಸಿಲು ಮೂರು ಗಂಟೆ ಸಿಕ್ಕರೆ ಸಾಕು. ದೊಡ್ಡಪತ್ರೆಯೂ ಅಷ್ಟೇ, ಒಂದು ಕಡ್ಡಿ ಚುಚ್ಚಿದರೆ ಬರುತ್ತದೆ, ನೀರು ಕಡಿಮೆ ಕೇಳುತ್ತದೆ.

ಕೊತ್ತಂಬರಿಗೆ ಅಡುಗೆ ಮನೆಯ ಧನಿಯಾ ನಡೆಯುತ್ತದೆ. ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ಬೇಡ, ಸೆಕೆಗೆ ಬೇಗ ಹೂವಿಗೆ ಹೋಗಿಬಿಡುತ್ತದೆ. ಈಗಿನ ಚಳಿಯೇ ಅದಕ್ಕೆ ಕಾಲ.

ಪ್ರಶ್ನೆ (ವಿಜಯನಗರ):
ಅಕ್ಕ, ನಮ್ಮ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಇತ್ತು. ಎರಡು ದಿನ ಬಿಟ್ಟು ನೋಡಿದರೆ ಹಸಿರು ಹುಳ, ಕೊಂಬೆಯೆಲ್ಲ ಬೋಳು. ಯಾವ ಔಷಧಿ ಹೊಡೆಯಲಿ?

ಉತ್ತರ:
ಔಷಧಿ ಬೇಡಮ್ಮ, ಅದು ನಿಂಬೆ ಚಿಟ್ಟೆಯ ಮರಿ. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಹಕ್ಕಿಗಳು ತಿನ್ನದಿರಲಿ ಅಂತ. ಬೆಳೆದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಒಂದು ವಾಸನೆ ಬಿಡುತ್ತದೆ. ಮಕ್ಕಳಿದ್ದರೆ ತೋರಿಸಿ. ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ವಾರಕ್ಕೆ ಎರಡು ಸಲ ನೋಡಿ ಮೊಟ್ಟೆಯನ್ನೇ ಒರೆಸಿದರೆ ಮುಗಿಯಿತು. ಸಾರಿಗೆ ಹಾಕುವ ಎಲೆಗೆ ವಿಷ ಹೊಡೆಯುವುದು ನನಗೆ ಸುತರಾಂ ಇಷ್ಟವಿಲ್ಲ. ಎಲೆ ಕೀಳುವಾಗ ಒಂದೊಂದೇ ಕಡ್ಡಿ ಎಳೆಯಬೇಡಿ, ಕೊಂಬೆಯ ತುದಿ ಕತ್ತರಿಸಿ. ಒಂದು ಕತ್ತರಿಸಿದ ಕಡೆ ಎರಡು ಒಡೆಯುತ್ತದೆ.

ಪ್ರಶ್ನೆ (ಯಲಹಂಕ):
ಸೀಬೆ ಹಣ್ಣು ಹೊರಗೆ ಚಂದ, ಕೊಯ್ದರೆ ಬಿಳಿ ಹುಳ. ಮಳೆಗಾಲದಲ್ಲಿ ಒಂದು ಹಣ್ಣೂ ಬಾಯಿಗೆ ಸಿಗಲಿಲ್ಲ. ಪರಂಗಿಗೂ ಬಿಳಿ ಬೂಸ್ಟಿನ ಥರ ಅಂಟಿಕೊಂಡಿದೆ.

ಉತ್ತರ:
ಸೀಬೆಯದು ಹಣ್ಣಿನ ನೊಣ. ಕಾಯಿ ಬಲಿಯುವಾಗ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೆ ಸೇರಿದ ಮೇಲೆ ಏನು ಹೊಡೆದರೂ ಪ್ರಯೋಜನವಿಲ್ಲ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ. ಅಳಿಲು, ಗಿಳಿಯಿಂದಲೂ ಸ್ವಲ್ಪ ಉಳಿಯುತ್ತದೆ. ಬಿದ್ದ ಹಣ್ಣು ಅಲ್ಲೇ ಬಿಡಬೇಡಿ, ಕಾಂಪೋಸ್ಟಿಗೂ ಹಾಕಬೇಡಿ. ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಬಿಸಿಲಿಗಿಡಿ. ತುಳಸಿಯ ವಾಸನೆಗೆ ಗಂಡು ನೊಣ ಬರುತ್ತದೆ, ಅದರಲ್ಲಿರುವ ಮೀಥೈಲ್ ಯೂಜಿನಾಲ್ ಕಾರಣ. ಅಂಗಡಿಯಲ್ಲಿ ಸಿಗುವ ಹಣ್ಣಿನ ನೊಣದ ಬಲೆಯಲ್ಲಿರುವುದೂ ಅದೇ.

ಹೆಚ್ಚು ಹುಳ ಬೀಳುವುದು ಮಳೆಗಾಲದ ಬೆಳೆಗೆ. ಚಳಿಗಾಲದ ಸೀಬೆ ರುಚಿಯೂ ಹೆಚ್ಚು, ಹುಳವೂ ಕಡಿಮೆ. ಸೀಬೆ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಮೇ ತಿಂಗಳಲ್ಲಿ ಕೊಂಬೆಗಳ ತುದಿಯನ್ನು ಮೂರನೇ ಒಂದು ಭಾಗ ಸವರಿದರೆ ಮಳೆಗಾಲದ ಕಾಯಿ ತಪ್ಪಿ, ಚಳಿಗಾಲಕ್ಕೆ ಹಣ್ಣು ಬರುತ್ತದೆ.

ಪರಂಗಿಯದು ಹಿಟ್ಟು ತಿಗಣೆ. ಈ ತಿಗಣೆ ಹೊರದೇಶದಿಂದ ಬಂದಿದ್ದು, 2008ರಲ್ಲಿ ಮೊದಲು ಕೊಯಮತ್ತೂರಿನಲ್ಲಿ ಕಂಡಿತು. ಆಮೇಲೆ ದಕ್ಷಿಣದ ಪರಂಗಿ, ಹಿಪ್ಪುನೇರಳೆ ತೋಟಗಳಿಗೆ ತುಂಬ ನಷ್ಟ ಮಾಡಿತು. ಅದನ್ನು ಹತೋಟಿಗೆ ತಂದಿದ್ದು ಔಷಧಿಯಲ್ಲ. ನಮ್ಮ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೋದಿಂದ ತರಿಸಿದ ಪುಟ್ಟ ಕಣಜಗಳು. ಅವು ತಿಗಣೆಯೊಳಗೇ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತವೆ. ಈ ವಿಷಯ ಹೇಳುವಾಗ ನನಗೆ ಈಗಲೂ ಹೆಮ್ಮೆ ಆಗುತ್ತದೆ. ನೀವು ಘಾಟು ಔಷಧಿ ಹೊಡೆದರೆ ಆ ಕಣಜವೂ ಸಾಯುತ್ತದೆ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಸಾಲದಿದ್ದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು. ಕಾಂಡದ ಮೇಲೆ ಇರುವೆ ಹತ್ತದಂತೆ ನೋಡಿಕೊಳ್ಳಿ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ.

ಪ್ರಶ್ನೆ (ರಾಜರಾಜೇಶ್ವರಿನಗರ):
ತಾರಸಿಯಲ್ಲಿ ಹೊಸದಾಗಿ ಶುರು ಮಾಡುತ್ತಿದ್ದೇನೆ. ಮಾವು, ಹಲಸು, ಸೀತಾಫಲ ಎಲ್ಲ ಡ್ರಮ್ಮಿನಲ್ಲಿ ಆಗುತ್ತಂತೆ?

ಉತ್ತರ:
ಹಲಸು ಬಿಡಿ ಸರ್, ಅದು ನೆಲದ ಮರ. ದಾಳಿಂಬೆ, ಅಂಜೂರ, ನಿಂಬೆ, ಸೀಬೆ ಅರ್ಧ ಡ್ರಮ್ಮಿಗೆ ಚೆನ್ನಾಗಿ ಒಗ್ಗುತ್ತವೆ. ಸೀತಾಫಲವೂ ಆಗುತ್ತದೆ, ಆದರೆ ಹೂ ಉದುರುತ್ತದೆ ಅಂತ ಆಮೇಲೆ ಬೇಜಾರಾಗಬೇಡಿ. ಅದರ ಹೂ ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ಅರಳುತ್ತದೆ. ಮಧ್ಯೆ ಕೆಲಸ ಮಾಡುವ ಪುಟ್ಟ ಜೀರುಂಡೆಗಳು ತಾರಸಿಗೆ ಅಷ್ಟಾಗಿ ಬರುವುದಿಲ್ಲ. ಪೂರ್ತಿ ಅರಳಿದ ಹೂವಿನ ಪುಡಿಯನ್ನು ಪೇಂಟಿಂಗ್ ಬ್ರಷ್‌ನಲ್ಲಿ ತೆಗೆದು, ಬೆಳಗ್ಗೆ ಅರ್ಧ ಬಿರಿದ ಹೂವಿನೊಳಗೆ ಸವರಿ.

ತೂಕ ಮರೆಯಬೇಡಿ. ನೆನೆದ ಮಣ್ಣು ತುಂಬಿದ ಅರ್ಧ ಡ್ರಮ್ 100 ಕೆಜಿ ದಾಟುತ್ತದೆ. ಸ್ಲ್ಯಾಬಿನ ನಡುವೆ ಇಡಬೇಡಿ, ಕೆಳಗೆ ಬೀಮ್ ಅಥವಾ ಗೋಡೆ ಇರುವ ಕಡೆ ಇಡಿ. ಬರೀ ಕೆಂಪು ಮಣ್ಣು ತುಂಬಿದರೆ ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು. ಹಳೆಯ ಮನೆಯಾದರೆ ಮೊದಲು ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಬಸವೇಶ್ವರನಗರ:
ಮೇಡಂ, ಬುಡ ನೋಡಿದೆ. ಫೋಟೋ ಹಾಕಿದ್ದೇನೆ. ಗೇಣು ಎತ್ತರದಲ್ಲಿ ಗಂಟು ಇದೆ. ಆಳೆತ್ತರ ಬೆಳೆದಿದ್ದೆಲ್ಲ ಗಂಟಿನ ಕೆಳಗಿನಿಂದ ಬಂದ ಎರಡು ಕೊಂಬೆ! ಎಲೆ ಮೂರು ಮೂರು ಒಟ್ಟಿಗಿದೆ. ಗಂಟಿನ ಮೇಲೆ ಪೆನ್ಸಿಲ್ ದಪ್ಪದ ಒಂದು ಕಡ್ಡಿ, ಏಳೆಂಟು ಚಿಕ್ಕ ಎಲೆ. ಇಷ್ಟು ದಿನ ನಾನು ಸಾಕಿದ್ದು ಅದನ್ನಾ?

ಉತ್ತರ:
ಬೇಜಾರು ಮಾಡಿಕೊಳ್ಳಬೇಡಿ ಅಮ್ಮ. ನಾಲ್ಕು ವರ್ಷ ಸಾಕಿದ್ದಕ್ಕೆ ಕೆಳಗೆ ಗಟ್ಟಿ ಬೇರು ಬೆಳೆದಿದೆ. ಆ ಪೆನ್ಸಿಲ್ ಕಡ್ಡಿ ನಿಮ್ಮ ನಿಂಬೆ. ಒಂದು ಎಲೆ ಹಿಸುಕಿ ಮೂಸಿ ನೋಡಿ, ಗೊತ್ತಾಗುತ್ತದೆ.

ಎರಡು ದೊಡ್ಡ ಕೊಂಬೆಗಳನ್ನು ಕಾಂಡಕ್ಕೆ ತಾಗಿಸಿ, ಮೊಂಡು ಉಳಿಯದಂತೆ ಗರಗಸದಿಂದ ಕತ್ತರಿಸಿ. ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ನೀರಿನಲ್ಲಿ ಕಲೆಸಿದ ಲೇಪ) ಹಚ್ಚಿ. ಕಡ್ಡಿಗೆ ಒಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ. ನಾನು ಮೇಲೆ ಹೇಳಿದ ನೀರು ತಡೆಯುವ ಕೆಲಸ ಈ ವರ್ಷ ಬೇಡ, ಈ ಕಡ್ಡಿಗೆ ಅದು ಭಾರ. ವಾರಕ್ಕೆ ಎರಡು ಸಲ ನೀರು, ಸಂಕ್ರಾಂತಿಯ ನಂತರ ಗೊಬ್ಬರ ಅರ್ಧ ಬುಟ್ಟಿ. ಗಂಟಿನ ಕೆಳಗೆ ಮತ್ತೆ ಚಿಗುರು ಬರುತ್ತಲೇ ಇರುತ್ತದೆ, ಎಳೆಯದಿದ್ದಾಗಲೇ ಬೆರಳಲ್ಲಿ ಚಿವುಟಿ. ಇಷ್ಟು ದಿನ ಆ ದೊಡ್ಡ ಕೊಂಬೆಗಳ ನೆರಳಿನಲ್ಲಿತ್ತು, ಈಗ ಬಿಸಿಲು ಕಾಣುತ್ತದೆ. ಯುಗಾದಿಗೆ ಇನ್ನೊಂದು ಫೋಟೋ ಹಾಕಿ, ಚಿಗುರು ಎಷ್ಟು ಬಂದಿದೆ ನೋಡೋಣ.

ಬಸವೇಶ್ವರನಗರ:
ಹಿಸುಕಿ ನೋಡಿದೆ ಮೇಡಂ. ನಿಂಬೆಯದೇ ವಾಸನೆ. ಅತ್ತೆಗೂ ಮೂಸಿಸಿದೆ. ಗರಗಸ ಹುಡುಕಿ ಕೊಡುತ್ತೇನೆ ಅಂದರು.